ಗುರುತು ಹಿಡಿದರಷ್ಟೇ ಸಾಲದು

ಉಳವಿಯಲ್ಲಿ ಹುಟ್ಟಿದ ಮಗುವಿಗೂ ಬೆಂಗಳೂರಿನಲ್ಲಿ ಹುಟ್ಟಿದ ಮಗುವಿಗೂ ಎಡತೋಳಿಗೆ ಬೀಳುವುದು ಒಂದೇ ಬಿಸಿಜಿ ಚುಚ್ಚುಮದ್ದು. ಅದರಲ್ಲಿರುವುದು ಬಲ ಕುಂದಿಸಿದ, ಆದರೆ ಜೀವಂತವಾದ ಬ್ಯಾಕ್ಟೀರಿಯಾ. ಮಿದುಳುಪೊರೆಯ ಕ್ಷಯದಂಥ ಘೋರ ರೂಪಗಳಿಂದ ಅದು ಎಳೆಯ ಮಕ್ಕಳನ್ನು ಕಾಯುತ್ತದೆ. ದೊಡ್ಡವರ ಶ್ವಾಸಕೋಶದ ಕ್ಷಯಕ್ಕೆ ಮಾತ್ರ ಸಾಲದು. ತಮಿಳುನಾಡಿನ ಚೆಂಗಲ್ಪಟ್ಟಿನಲ್ಲಿ 1968ರಲ್ಲಿ ಶುರುವಾದ ದೊಡ್ಡ ಪ್ರಯೋಗ ಈ ಕಹಿ ಸತ್ಯವನ್ನು ಕಾಣಿಸಿತು. ಮೈಗೆ ಕ್ಷಯದ ರೋಗಾಣು ಗೊತ್ತಾಗುವುದೇ ಇಲ್ಲವೆ? ಗೊತ್ತಾಗುತ್ತದೆ. ಗೊತ್ತಾದ ಮೇಲೂ ಅದು ಬದುಕುಳಿಯುವುದು ಹೇಗೆ ಎಂಬುದೇ ನಿಜವಾದ ಪ್ರಶ್ನೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆ.ಎನ್. ಬಾಲಾಜಿ ಅವರ ಸಂಶೋಧನೆಗೆ ಬೆಲೆ ಬರುವುದು ಇಲ್ಲಿ.

ರೋಗಾಣುವನ್ನು ಮೊದಲು ಗುರುತಿಸುವ, ಹುಟ್ಟಿನಿಂದಲೇ ಬರುವ ರೋಗನಿರೋಧಕ ಶಕ್ತಿ ಬಹುಕಾಲ ವಿಜ್ಞಾನಿಗಳ ಗಮನಕ್ಕೆ ಅಷ್ಟಾಗಿ ಬಿದ್ದಿರಲಿಲ್ಲ. ರೋಗಾಣುಗಳಿಗೆ ಸಾಮಾನ್ಯವಾದ ಗುರುತುಗಳನ್ನು ಹಿಡಿಯುವ ಗ್ರಾಹಕಗಳು ಜೀವಕೋಶಗಳಲ್ಲಿ ಇರಲೇಬೇಕೆಂದು ಚಾರ್ಲ್ಸ್ ಜೇನ್‌ವೇ 1989ರಲ್ಲಿ ತರ್ಕಿಸಿದರು. 1996ರಲ್ಲಿ ಜೂಲ್ಸ್ ಹಾಫ್ಮನ್ ತಂಡ ಹಣ್ಣುನೊಣದಲ್ಲಿ ಟೋಲ್ ಎಂಬ ಗ್ರಾಹಕದ ರಕ್ಷಣಾ ಪಾತ್ರವನ್ನು ತೋರಿಸಿತು. ಅದರ ಬಳಗ ಮನುಷ್ಯರಲ್ಲೂ ಇಲಿಗಳಲ್ಲೂ ಸಿಕ್ಕಿತು. ಕ್ಷಯದ ಬ್ಯಾಕ್ಟೀರಿಯಾವನ್ನು ನುಂಗುವ ಮ್ಯಾಕ್ರೊಫೇಜ್ ಕೋಶದ ಮೇಲೆ ಟಿಎಲ್ಆರ್-2 ಎಂಬ ಗ್ರಾಹಕವಿದೆ. ಅದು ಎಚ್ಚೆತ್ತರೆ ಉರಿಯೂತದ ಸಂದೇಶಗಳು ಹೊರಡುತ್ತವೆ. ಆದರೆ ಬಾಲಾಜಿ ಮತ್ತು ಅವರ ಸಹಸಂಶೋಧಕ ನಾರಾಯಣ 2008ರಲ್ಲಿ ತೋರಿಸಿದ್ದು ಇನ್ನೊಂದು ಮುಖ: ಬಿಸಿಜಿ ಸೋಂಕಿದ ಮ್ಯಾಕ್ರೊಫೇಜ್‌ನಲ್ಲಿ ನಾಚ್-1 ಎಂಬ ಮತ್ತೊಂದು ಗ್ರಾಹಕ ಚುರುಕಾಗಿ, ಎಸ್ಒಸಿಎಸ್-3 ಎಂಬ ಪ್ರೋಟೀನನ್ನು ಹೆಚ್ಚಿಸುತ್ತದೆ. ಪ್ರತಿರಕ್ಷೆಯ ಸಂದೇಶಗಳಿಗೆ ಕಡಿವಾಣ ಹಾಕುವುದೇ ಈ ಪ್ರೋಟೀನಿನ ಕೆಲಸ. ಎಚ್ಚರಿಕೆಯ ಜೊತೆಗೇ ತಡೆಯೂ ಹುಟ್ಟಿತು! ಹೊತ್ತಿದ ಉರಿ ಮೈಯನ್ನೇ ಸುಡದಿರಲು ಈ ತಡೆ ಬೇಕು. ರೋಗಾಣುವಿಗೆ ಅನುಕೂಲವಾಗಬಹುದಾದದ್ದೂ ಅದೇ. ಬಾಟಲಿಯ ಮೇಲೆ ‘ಇಮ್ಯುನಿಟಿ ಬೂಸ್ಟರ್’ ಎಂದು ಬರೆದು ಮಾರುವವರ ಮಾತನ್ನು ನಾನು ಒಪ್ಪದಿರುವುದು ಇದಕ್ಕೇ. ಏರಿಸಬೇಕಾದದ್ದು ಯಾವುದು, ಎಷ್ಟು, ಯಾವ ಘಟ್ಟದಲ್ಲಿ ಎಂದು ಹೇಳದೆ ಬರೀ ಏರಿಸುತ್ತೇವೆ ಎಂದರೆ ಅರ್ಥವಿಲ್ಲ.

ಬಿಸಿಜಿಯೇ ಕ್ಷಯವಲ್ಲ, ತಟ್ಟೆಯಲ್ಲಿ ಬೆಳೆಸಿದ ಕೋಶ ರೋಗಿಯಲ್ಲ ಎಂಬ ಆಕ್ಷೇಪ ಸರಿಯಾದದ್ದೇ. ಅದಕ್ಕೆ ಭಾಗಶಃ ಉತ್ತರ ಬಾಲಾಜಿ ಮತ್ತು ಸಂಗಡಿಗರ 2010ರ ಕೆಲಸದಲ್ಲಿದೆ: ಕ್ಷಯದ ಬ್ಯಾಕ್ಟೀರಿಯಾದ್ದೇ ಒಂದು ಪ್ರೋಟೀನು, ರೋಗಾಣುವಿನ ಗುರುತನ್ನು ಇತರ ಪ್ರತಿರಕ್ಷಾ ಕೋಶಗಳಿಗೆ ತೋರಿಸುವ, ಮನುಷ್ಯರದೇ ಡೆಂಡ್ರೈಟಿಕ್ ಕೋಶಗಳು. ಆ ಪ್ರೋಟೀನು ಕೋಶಗಳನ್ನು ಪಕ್ವಗೊಳಿಸಿತು, ಆದರೆ ಪ್ರತಿರಕ್ಷೆಯನ್ನು ಕ್ಷಯದ ವಿರುದ್ಧ ಹೆಚ್ಚು ಉಪಯೋಗಕ್ಕೆ ಬಾರದ ದಿಕ್ಕಿಗೆ ತಿರುಗಿಸಿತು. 2011ರಲ್ಲಿ ಬಾಲಾಜಿ ಅವರಿಗೆ ಭಟ್ನಾಗರ್ ಪ್ರಶಸ್ತಿ ಬಂತು. ಹಾಫ್ಮನ್ ಅವರಿಗೆ ನೊಬೆಲ್ ಬಂದದ್ದೂ ಅದೇ ವರ್ಷ.

ಕ್ಷಯ ಬಡತನದ ಕಾಯಿಲೆ, ಅಕ್ಕಿ ಬೇಳೆ ಕೊಡುವುದು ಬಿಟ್ಟು ಗ್ರಾಹಕಗಳ ಹಿಂದೆ ಏಕೆ ಹೋಗಬೇಕು ಎಂಬುದು ಇನ್ನೂ ಗಟ್ಟಿಯಾದ ಆಕ್ಷೇಪ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡದಲ್ಲಿ ನಡೆಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನ ಅದಕ್ಕೆ ಬಲ ಕೊಡುತ್ತದೆ: ರೋಗಿಯ ಮನೆಯವರಿಗೆ ತಿಂಗಳ ಪಡಿತರ ಕೊಟ್ಟಾಗ ಅವರಲ್ಲಿ ಹೊಸ ಕ್ಷಯ ಶೇ. 39ರಷ್ಟು ಇಳಿಯಿತು. ಪಡಿತರ ನಾಳೆಗೆ ಕಾಯಬಾರದು, ಇಂದೇ ಸಿಗಬೇಕು. ಆದರೆ ಉಂಡವರಲ್ಲೂ ಕೆಲವರಿಗೆ ಕ್ಷಯ ಬಂತಲ್ಲ. ಅವರಿಗೆ ಬೇಕಿರುವುದು ಬಿಸಿಜಿಗಿಂತ ಉತ್ತಮ ಲಸಿಕೆ. ಅದನ್ನು ಕಟ್ಟುವವರು ಯಾವ ಗ್ರಾಹಕವನ್ನು ಎಬ್ಬಿಸಬೇಕು, ಯಾವ ಕಡಿವಾಣವನ್ನು ಸಡಿಲಿಸಬೇಕು ಎಂಬುದನ್ನು ಇಂಥ ಪ್ರಯೋಗಾಲಯಗಳಿಂದಲೇ ತಿಳಿಯಬೇಕು.