ಜಾನುವಾರುಗಳ ಮೂಳೆ ಮುರಿತ: ಆಂಟಿಬಯೋಟಿಕ್ ಯಾವಾಗ ಬೇಕು, ಯಾವಾಗ ಬೇಡ?

ಮಳೆಗಾಲದಲ್ಲಿ ತೋಟದ ಬಸಿಗಾಲುವೆಗೆ ಜಾರಿ ದನಕರುಗಳು ಕಾಲು ಮುರಿದುಕೊಳ್ಳುವುದು ಬೆಳೆಗಾರರಿಗೆ ಹೊಸದಲ್ಲ. ಆಗ ಮನೆಯಲ್ಲಿ ಉಳಿದ ಆಂಟಿಬಯೋಟಿಕ್ ಔಷಧಿಯನ್ನು, ಕೊಟ್ಟರೆ ನಷ್ಟವೇನು ಎಂದು ಕೊಟ್ಟುಬಿಡುವವರಿದ್ದಾರೆ. ಈ ಔಷಧಿ ರೋಗಾಣುಗಳನ್ನು ಕೊಲ್ಲುತ್ತದೆಯೇ ಹೊರತು ಮೂಳೆಯನ್ನು ಕೂಡಿಸುವುದಿಲ್ಲ. ಕೆಲವು ಬಗೆಯವು ಕೂಡುವಿಕೆಗೆ ಅಡ್ಡಿಯೂ ಆಗಬಹುದು.

ಮುರಿದ ಜಾಗದಲ್ಲಿ ಮೊದಲು ರಕ್ತ ಹೆಪ್ಪುಗಟ್ಟುತ್ತದೆ. ಅನಂತರ ಅಲ್ಲಿ ಮೃದುವಾದ ಎಳೆಮೂಳೆ ಬೆಳೆದು ಎರಡು ತುದಿಗಳನ್ನು ಬೆಸೆಯುತ್ತದೆ. ಅದಕ್ಕೆ ಸುಣ್ಣದ ಅಂಶ ಸೇರಿ ಗಟ್ಟಿ ಮೂಳೆಯಾಗುತ್ತದೆ.

2000ನೇ ಇಸವಿಯಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ತೊಡೆಮೂಳೆ ಮುರಿದ 60 ಇಲಿಗಳನ್ನು ಮೂರು ಗುಂಪು ಮಾಡಲಾಯಿತು. ಒಂದಕ್ಕೆ ಸಿಪ್ರೊಫ್ಲಾಕ್ಸಾಸಿನ್, ಇನ್ನೊಂದಕ್ಕೆ ಸೆಫಜೋಲಿನ್ ಮೂರು ವಾರ ಕೊಡಲಾಯಿತು. ಮೂರನೆಯದಕ್ಕೆ ಏನನ್ನೂ ಕೊಡಲಿಲ್ಲ. ಸಿಪ್ರೊಫ್ಲಾಕ್ಸಾಸಿನ್ ಪಡೆದ ಇಲಿಗಳಲ್ಲಿ ಎಳೆಮೂಳೆಯ ಜೀವಕೋಶಗಳು ಕಡಿಮೆಯಿದ್ದವು. ಬೆಸುಗೆಯ ಬಲವೂ ಔಷಧಿಯಿಲ್ಲದ ಗುಂಪಿಗಿಂತ ಸುಮಾರು ಶೇ. 16 ಕಡಿಮೆಯಿತ್ತು. ಸೆಫಜೋಲಿನ್‌ನಿಂದ ಇಂಥ ದೋಷ ಕಾಣಲಿಲ್ಲ. ಇಲಿಯಲ್ಲಿ ಕಂಡದ್ದು ದನಕ್ಕೂ ಅಷ್ಟೇ ಪ್ರಮಾಣದಲ್ಲಿ ಅನ್ವಯಿಸುತ್ತದೆಂದು ಹೇಳಲಾಗದು. ಆದರೆ ದನಗಳಿಗೆ ಕೊಡುವ ಎನ್ರೊಫ್ಲಾಕ್ಸಾಸಿನ್ ದೇಹದೊಳಗೆ ಭಾಗಶಃ ಸಿಪ್ರೊಫ್ಲಾಕ್ಸಾಸಿನ್ ಆಗಿ ಮಾರ್ಪಡುತ್ತದೆ ಎಂಬುದನ್ನು ನೆನಪಿಡಬೇಕು. ಟೆಟ್ರಾಸೈಕ್ಲಿನ್ ಕೂಡ ಸುಣ್ಣದ ಅಂಶಕ್ಕೆ ಅಂಟಿಕೊಂಡು, ಬೆಳೆಯುವ ಕರುವಿನ ಮೂಳೆ ಹಲ್ಲುಗಳಲ್ಲಿ ಉಳಿಯುತ್ತದೆ.

ಹಾಗೆಂದು ಆಂಟಿಬಯೋಟಿಕ್ ಬೇಡವೇ ಬೇಡ ಎನ್ನುವಂತಿಲ್ಲ. ಚರ್ಮ ಹರಿದು ಮೂಳೆ ಹೊರಬಂದಿದ್ದರೆ ಅದು ಅತ್ಯಗತ್ಯ. ಮೂಳೆಗೆ ನಂಜೇರಿ ಕೀವಾದರೆ ಬೆಸುಗೆ ನಿಂತುಹೋಗುತ್ತದೆ. ಕಾಲು ಮಾತ್ರವಲ್ಲ, ದನವೇ ಕೈತಪ್ಪಬಹುದು. ಇಂಥಲ್ಲಿ ಔಷಧಿಯ ದೋಷಕ್ಕಿಂತ ನಂಜಿನ ಅಪಾಯವೇ ದೊಡ್ಡದು. ಚರ್ಮ ಹರಿಯದ, ಗಾಯವಿಲ್ಲದ ಮುರಿತಕ್ಕೆ ಸಾಮಾನ್ಯವಾಗಿ ಇದರ ಅಗತ್ಯವಿಲ್ಲ. ಅಲ್ಲಿ ಬೇಕಾದದ್ದು ಅಲುಗಾಡದ ಕಟ್ಟು, ವಿಶ್ರಾಂತಿ, ಒಳ್ಳೆಯ ಮೇವು.

ಆದ್ದರಿಂದ ಬೆಳೆಗಾರರು ಗಮನಿಸಬೇಕಾದ ಅಂಶಗಳು:

1. ದನವನ್ನು ನಡೆಸಬೇಡಿ. ಮೊಣಕಾಲಿನ ಕೆಳಗೆ ಮುರಿದಿದ್ದರೆ ಬಟ್ಟೆ ಸುತ್ತಿ, ಮುರಿತದ ಮೇಲಿನ ಮತ್ತು ಕೆಳಗಿನ ಕೀಲುಗಳನ್ನು ದಾಟುವಂತೆ ಅಡಿಕೆ ದಬ್ಬೆ ಇಟ್ಟು ಕಟ್ಟಿ. ರಕ್ತ ಸಂಚಾರ ನಿಲ್ಲುವಷ್ಟು ಬಿಗಿ ಬೇಡ.

2. ಗಾಯವಿದ್ದರೆ ಶುದ್ಧ ಬಟ್ಟೆ ಮುಚ್ಚಿ, ತಡಮಾಡದೆ ಪಶುವೈದ್ಯರನ್ನು ಕರೆಸಿ.

3. ಯಾವ ಔಷಧಿ, ಎಷ್ಟು ದಿನ ಎಂಬುದನ್ನು ಅವರೇ ನಿರ್ಧರಿಸಲಿ. ನಡುವೆ ನಿಲ್ಲಿಸುವುದೂ, ಹೇಳಿದ್ದಕ್ಕಿಂತ ಹೆಚ್ಚು ದಿನ ಕೊಡುವುದೂ ತಪ್ಪು.

4. ವೈದ್ಯರು ಹೇಳಿದಷ್ಟು ದಿನ ಆ ಹಸುವಿನ ಹಾಲನ್ನು ಬಳಸಬೇಡಿ, ಡೈರಿಗೂ ಹಾಕಬೇಡಿ.