ಕೃಷಿಹೊಂಡಗಳಲ್ಲಿಯೂ ಕಲ್ಲಿನ ಖಣಿಗಳಲ್ಲಿಯೂ ಮೀನುಮರಿ ಬಿಡುವ ಪ್ರಮಾಣ

ರಾವೂರಿನ ಸುತ್ತಮುತ್ತಲೂ, ಅಲ್ಲಿಂದ ವಾಡಿ, ಶಹಾಬಾದ, ಚಿತ್ತಾಪುರ, ಸೇಡಂಗಳ ಕಡೆಗೂ ಹಬ್ಬಿರುವ ಸುಣ್ಣಕಲ್ಲಿನ ಸೀಮೆಯಲ್ಲಿ ಮಳೆಯ ನೀರು ನಿಲ್ಲುವ ಎಡೆಗಳು ಮುಖ್ಯವಾಗಿ ಎರಡು ಬಗೆಯವು. ಪರಸಿಗಲ್ಲನ್ನು ತೆಗೆದು ಬಿಟ್ಟ ಹಳೆಯ ಖಣಿಗಳು ಒಂದು ಬಗೆ. ಹೊಲದ ಮೂಲೆಯಲ್ಲಿ ತೋಡಿದ ಕೃಷಿಹೊಂಡಗಳು ಮತ್ತೊಂದು. ೨೦೧೪ರಲ್ಲಿ ಕೃಷಿಭಾಗ್ಯ ಯೋಜನೆಯು ಜಾರಿಗೆ ಬಂದ ತರುವಾಯ ಈ ಎರಡನೆಯ ಬಗೆಯವು ರಾಜ್ಯದ ಒಣಬೇಸಾಯದ ಸೀಮೆಗಳಲ್ಲಿ ಹೆಚ್ಚಿದವು. ತೊಗರಿಯು ಹೂವಾಡುವ ಕಾಲಕ್ಕೆ ಒಂದು ನೀರು ಕೊಡುವುದಕ್ಕೆಂದು ಕೂಡಿಟ್ಟ ನೀರಿನಲ್ಲಿ ಮೀನು ಸಾಕಿದರೆ ನೀರೇನೂ ಸವೆಯದು, ಕೈಗೆ ನಾಲ್ಕು ಕಾಸು ಬರುವುದು ಎಂಬುದು ನ್ಯಾಯವಾದ ಆಲೋಚನೆಯೇ. ಆದರೆ ಇಲಾಖೆಯವರು ಹೇಳಿದ ಮರಿಗಳ ಸಂಖ್ಯೆಯನ್ನು ಕೇಳಿಕೊಂಡು ಹೋಗಿ, ಅದರ ಐದರಷ್ಟನ್ನೋ ಹತ್ತರಷ್ಟನ್ನೋ ಬಿಟ್ಟುಬರುವ ಗೃಹಸ್ಥರು ಕಡಮೆಯಿಲ್ಲ. ಮಳೆಗಾಲದಲ್ಲಿ ಬಿಟ್ಟ ಮೀನು ಬೇಸಿಗೆಯ ಒಂದು ಬೆಳಗಿನಲ್ಲಿ ಹೊಟ್ಟೆ ಮೇಲಾಗಿ ತೇಲುವುದಕ್ಕೆ ಬಹುಮಟ್ಟಿಗೆ ಇದೇ ಕಾರಣ.

ಹೀಗೆ ಮಾಡುವವರನ್ನು ಅವಿವೇಕಿಗಳೆನ್ನುವುದು ಸರಿಯಲ್ಲ. ಅವರಿಗೆ ಅವರದೇ ಆದ ಕಾರಣಗಳುಂಟು. ಮೊದಲನೆಯದು, ಮರಿಗಳು ಅಗ್ಗ. ಹಿಂದೆ ಕಾಟ್ಲಾ, ರೋಹು, ಮೃಗಾಲ್ ಮರಿಗಳನ್ನು ಮಳೆಗಾಲದ ಹೊಳೆಗಳಲ್ಲಿ ಬಲೆಯೊಡ್ಡಿ ಹಿಡಿಯಬೇಕಾಗಿತ್ತು. ಈ ಮೀನುಗಳು ನಿಂತ ನೀರಿನಲ್ಲಿ ತಾವಾಗಿ ಮೊಟ್ಟೆಯಿಡುವುದಿಲ್ಲ. ೧೯೫೭ನೆಯ ಇಸವಿ ಜುಲೈ ೧೦ರಂದು ಒಡಿಶಾದ ಅಂಗುಲಿನಲ್ಲಿ ಹೀರಾಲಾಲ್ ಚೌಧುರಿಯವರು ಮೀನಿನ ಮಿದುಳಿನ ಬುಡದಲ್ಲಿರುವ ಗ್ರಂಥಿಯ ರಸವನ್ನು ತಾಯಿಮೀನಿಗೆ ಚುಚ್ಚಿ, ಗೆಂಡೆಜಾತಿಯ ಈ ಮೀನುಗಳು ಕೊಳದಲ್ಲಿಯೇ ಮೊಟ್ಟೆಯಿಡುವಂತೆ ಮಾಡಿದರು. ಅಂದಿನಿಂದ ಮರಿಗಳ ಅಭಾವ ನೀಗುತ್ತ ಬಂದಿತು. ಇಂದು ಮರಿಗಳನ್ನು ಸಾವಿರದ ಲೆಕ್ಕದಲ್ಲಿ ಮಾರುತ್ತಾರೆ. ಆಮ್ಲಜನಕ ತುಂಬಿದ ಚೀಲಗಳಲ್ಲಿ ಕಟ್ಟಿ ಕೊಡುತ್ತಾರೆ. ಇನ್ನೂರು ಮರಿ ಬೇಕಾದವನಿಗೆ ಸಾವಿರದ ಚೀಲವೇ ಸುಲಭವಾಗಿ ಸಿಕ್ಕುವುದು. ಕೊಂಡವನು ಅದರ ಮೇಲೆ ಕೊಸರನ್ನೂ ಕೇಳುವನು! ಎರಡನೆಯದು, ಬಿಟ್ಟದ್ದರಲ್ಲಿ ಅರ್ಧ ಸತ್ತೇ ಹೋಗುವುವೆಂಬ ನಂಬಿಕೆ. ಕಣ್ಣಿಗೆ ಕಾಣದಷ್ಟು ಚಿಕ್ಕ ಮರಿಗಳ ವಿಷಯದಲ್ಲಿ ಇದು ನಿಜವೇ. ಆದರೆ ಇಲಾಖೆಯ ಲೆಕ್ಕವು ಬೆರಳುದ್ದದ, ಅಂದರೆ ೮ರಿಂದ ೧೦ ಸೆಂಟಿಮೀಟರು ಉದ್ದದ ಮರಿಗಳಿಗೆ ಹೇಳಿದ್ದು. ಅವುಗಳಲ್ಲಿ ನೂರಕ್ಕೆ ೭೦–೮೦ ಉಳಿಯಬಹುದೆಂಬುದನ್ನು ಆ ಲೆಕ್ಕದಲ್ಲಿ ಮೊದಲೇ ಸೇರಿಸಿದೆ. ಮೂರನೆಯದೂ ಈ ಸೀಮೆಯಲ್ಲಿ ಎಲ್ಲಕ್ಕಿಂತ ಬಲವಾದದ್ದೂ ಆದ ಕಾರಣವು ನೀರಿನ ಆಳ. "ಇಪ್ಪತ್ತು ಮೂವತ್ತು ಅಡಿ ನೀರಿದೆ, ಇಷ್ಟು ಮೀನಿಗೆ ಏನಾದೀತು?" ಎಂದು ಖಣಿಯ ದಂಡೆಯ ಮೇಲೆ ನಿಂತವನು ಕೇಳುತ್ತಾನೆ.

ಈ ಪ್ರಶ್ನೆಗೆ ಉತ್ತರವನ್ನು ಪಟ್ಟಣದ ಮನೆಗಳಲ್ಲಿ ಅಂದಕ್ಕಾಗಿ ಬಂಗಾರದ ಬಣ್ಣದ ಮೀನು ಸಾಕುವ ಗಾಜಿನ ಬುಂಡೆಯಲ್ಲಿ ಕಾಣಬಹುದು. ಆ ಮೀನೂ ಗೆಂಡೆಯ ಬಳಗದ್ದೇ. ಬುಂಡೆಯನ್ನು ಕೊರಳಿನವರೆಗೆ ತುಂಬಿದರೆ ನೀರು ಹೆಚ್ಚಾಯಿತು, ಆದರೆ ಗಾಳಿ ತಾಕುವ ನೀರಿನ ಮುಖವು ಕೊರಳಿನಷ್ಟೇ ಕಿರಿದಾಯಿತು. ಹೊಟ್ಟೆಯ ಮಟ್ಟಕ್ಕೆ ತುಂಬಿದರೆ ನೀರು ಅರ್ಧ, ಮುಖ ಅಗಲ. ಅರ್ಧ ತುಂಬಿದ ಬುಂಡೆಯಲ್ಲಿ ಸುಖವಾಗಿದ್ದ ಮೀನುಗಳು ಪೂರ್ತಿ ತುಂಬಿದ ಬುಂಡೆಯಲ್ಲಿ ಮೇಲಕ್ಕೆ ಬಂದು ಬಾಯಿ ಬಿಡುವುದುಂಟು. ಮೀನು ಉಸಿರಾಡುವ ಆಮ್ಲಜನಕವು ನೀರಿಗೆ ಸೇರುವುದು ಎರಡೇ ದಾರಿಯಿಂದ: ಗಾಳಿ ತಾಕುವ ಮೇಲ್ಮೈಯಿಂದ, ಮತ್ತು ಬಿಸಿಲು ಬೀಳುವಷ್ಟು ಹೊತ್ತು ನೀರಿನೊಳಗಿನ ಹಸಿರು ಪಾಚಿಯಿಂದ. ಎರಡೂ ಮೇಲ್ಭಾಗದ ವ್ಯವಹಾರಗಳು. ಆದಕಾರಣ ಮರಿಗಳ ಸಂಖ್ಯೆಯನ್ನು ನೀರಿನ ಮುಖವನ್ನು ಅಳೆದು ಗೊತ್ತುಮಾಡತಕ್ಕದ್ದು, ಆಳವನ್ನು ನೋಡಿ ಅಲ್ಲ.

ಹೊರಗಿನಿಂದ ಆಹಾರ ಹಾಕಿ ಸಾಕುವ ಹೊಂಡಕ್ಕೆ ಸಾಮಾನ್ಯವಾಗಿ ಹೇಳುವ ಪ್ರಮಾಣವು ಹೆಕ್ಟೇರಿಗೆ ೫,೦೦೦ದಿಂದ ೧೦,೦೦೦ ಮರಿಗಳು. ರೈತರಿಗೆ ಹೆಕ್ಟೇರಿಗಿಂತ ಗುಂಟೆಯ ಲೆಕ್ಕವೇ ಹತ್ತಿರ: ಗುಂಟೆಗೆ ೫೦ ಮರಿಗಳೆಂದರೆ ಹೆಕ್ಟೇರಿಗೆ ೫,೦೦೦ವೇ ಆಯಿತು. ನೀರು ಬತ್ತುವ ಈ ಸೀಮೆಗೆ ಈ ಕೆಳಗಿನ ಅಂಕವೇ ಸಾಕು. ಆಹಾರ ಹಾಕದ ಊರ ಕೆರೆಗೆ ಇದಕ್ಕಿಂತಲೂ ಕಡಮೆ. ಅದರಲ್ಲಿ ಮೇಲಿನ ನೀರಿನಲ್ಲಿ ಮೇಯುವ ಕಾಟ್ಲಾ ನೂರಕ್ಕೆ ೪೦, ನಡುವಿನ ರೋಹು ೩೦, ತಳದ ಮೃಗಾಲ್ ೩೦ ಎಂದು ಹಂಚಿದರೆ ಒಂದರ ಊಟಕ್ಕೆ ಇನ್ನೊಂದು ಅಡ್ಡಬರುವುದಿಲ್ಲ.

ಒಂದು ಹೊಂಡದ ಲೆಕ್ಕವನ್ನು ಬಿಡಿಸಿ ನೋಡಿದರೆ ಸಂಗತಿಯು ಸ್ಪಷ್ಟವಾಗುವುದು. ಮೇಲೆ ೨೧ ಮೀಟರು ಚೌಕ, ಆಳ ೩ ಮೀಟರು, ಬದಿಗಳ ಇಳಿಜಾರು ಒಂದಕ್ಕೆ ಒಂದೂವರೆಯೆಂದರೆ ತಳದಲ್ಲಿ ೧೨ ಮೀಟರು ಚೌಕ. ತುಂಬಿದಾಗ ನೀರಿನ ಮುಖ ೪೪೧ ಚದರ ಮೀಟರು, ಅಂದರೆ ನಾಲ್ಕೂಕಾಲು ಗುಂಟೆಗೆ ಚೂರು ಮೇಲೆ. ನೀರು ೮೩೭ ಘನ ಮೀಟರು. ಗುಂಟೆಗೆ ೫೦ರಂತೆ ಇದಕ್ಕೆ ಸುಮಾರು ೨೨೦ ಮರಿಗಳು ಸಲ್ಲುವುವು. ತೊಗರಿಗೆ ನೀರು ಕೊಟ್ಟು, ಬಿಸಿಲಿಗೆ ಆರಿ, ಒಂದು ಮೀಟರು ಉಳಿದಾಗ ಮುಖವು ೨೨೫ ಚದರ ಮೀಟರಿಗೆ ಇಳಿಯುವುದು. ನೀರು ೧೮೩ ಘನ ಮೀಟರು ಮಾತ್ರ. ಮುಖ ಅರ್ಧವಾಯಿತು, ನೀರು ಕಾಲುಭಾಗಕ್ಕೂ ಕಡಮೆಯಾಯಿತು. ಇತ್ತ ಬಿಡುವಾಗ ಹತ್ತು ಗ್ರಾಮಿನಷ್ಟಿದ್ದ ಮರಿ ಅಷ್ಟರಲ್ಲಿ ಅರ್ಧ ಕಿಲೋ ತೂಗುತ್ತಿರುವುದು. ೨೨೦ ಮರಿಗಳಲ್ಲಿ ೧೭೦ ಉಳಿದರೂ ೮೫ ಕಿಲೋ ಮೀನು ಆ ನೀರಿನಲ್ಲಿ ಉಸಿರಾಡಬೇಕು. ಎರಡು ಸಾವಿರ ಬಿಟ್ಟವನ ಹೊಂಡದ ಸ್ಥಿತಿಯನ್ನು ಇದರಿಂದಲೇ ಊಹಿಸಿಕೊಳ್ಳಬಹುದು. ಬಿಟ್ಟ ದಿನ ಎರಡು ಸಾವಿರ ಮರಿಗಳ ತೂಕವೂ ೨೦ ಕಿಲೋವೇ; ತುಂಬಿದ ಹೊಂಡದಲ್ಲಿ ಅವು ಎಲ್ಲಿ ಹೋದವೆಂದೇ ತಿಳಿಯದು. ಅಂದು ಕಣ್ಣಿಗೆ ಹೊಂಡವು ಬರಿದಾಗಿ ತೋರುವುದೇ ಮೋಸಕ್ಕೆ ಮೂಲ.

ಇದರ ಮೇಲೆ ಸೆಕೆ ಬೇರೆ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕರಗುವುದು ಕಡಮೆ: ಲೀಟರಿಗೆ ೨೦ ಡಿಗ್ರಿಯಲ್ಲಿ ೯.೧ ಮಿಲಿಗ್ರಾಮು ಹಿಡಿಯುವ ನೀರು ೩೦ ಡಿಗ್ರಿಯಲ್ಲಿ ೭.೫ನ್ನೂ ೩೫ ಡಿಗ್ರಿಯಲ್ಲಿ ೬.೯ನ್ನೂ ಮಾತ್ರ ಹಿಡಿಯಬಲ್ಲುದು. ೫ಕ್ಕಿಂತ ಕೆಳಗೆ ಗೆಂಡೆಗಳು ಮೇವು ಬಿಡುತ್ತ ಬರುವುವು. ೩ಕ್ಕೆ ಇಳಿದರೆ ಸಂಕಟಪಡುವುವು. ಹಗಲೆಲ್ಲ ಆಮ್ಲಜನಕ ಕೊಟ್ಟ ಪಾಚಿಯೇ ರಾತ್ರಿ ಅದನ್ನು ಮೀನಿನೊಡನೆ ಪೈಪೋಟಿಯಿಂದ ಉಪಯೋಗಿಸುವುದರಿಂದ, ಬೆಳಗಿನ ಜಾವವೇ ಅತ್ಯಂತ ಇಕ್ಕಟ್ಟಿನ ಹೊತ್ತು. ಮಳೆಗಾಲದಲ್ಲಿಯೂ ಮೂರು ನಾಲ್ಕು ದಿನ ಮೋಡ ಮುಚ್ಚಿ ಬಿಸಿಲು ಕಾಣದೆ ಹೋದರೆ ಇದೇ ಅಪಾಯ. ಇಲಾಖೆ ಹೇಳುವ ಸಂಖ್ಯೆಯು ಈ ಹೊತ್ತಿಗಾಗಿ ಗೊತ್ತುಮಾಡಿದ್ದೇ ಹೊರತು ಮರಿ ಬಿಡುವ ದಿನದ ತುಂಬಿದ ನೀರಿಗಾಗಿ ಅಲ್ಲ.

ಸತ್ತು ತೇಲಿದ ನಷ್ಟ ಕಣ್ಣಿಗೆ ಬೀಳುವುದು. ಸಾಯದೆ ಉಳಿದು ಆಗುವ ನಷ್ಟ ಬೀಳುವುದಿಲ್ಲ. ಸರಿಯಾದ ಪ್ರಮಾಣದಲ್ಲಿ ಬಿಟ್ಟು ವರ್ಷ ಪೂರ್ತಿ ನೀರಿದ್ದರೆ ಮುಕ್ಕಾಲು ಕಿಲೋದಿಂದ ಒಂದು ಕಿಲೋವರೆಗೆ ಬೆಳೆಯುವ ಕಾಟ್ಲಾ, ಕಿಕ್ಕಿರಿದ ಹೊಂಡದಲ್ಲಿ ಅಂಗೈಯಗಲವೂ ಆಗದೆ ನಿಂತುಬಿಡುವುದು. ಮೂರುಪಟ್ಟು ತೊಗರಿ ಬೀಜ ಚೆಲ್ಲಿದ ಹೊಲದಲ್ಲಿ ಗಿಡ ಎತ್ತರವಾಗಿ ಬೆಳೆದು ಕಾಯಿ ಕಟ್ಟದಿರುವುದನ್ನು ಕಂಡ ರೈತನಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ಮೀನು ಬೆಳೆಯಲಿಲ್ಲವೆಂದು ಅವನು ಶೇಂಗಾ ಹಿಂಡಿಯನ್ನೂ ತೌಡನ್ನೂ ಇನ್ನಷ್ಟು ಹಾಕುವನು; ತಿನ್ನದೆ ಉಳಿದದ್ದು ತಳದಲ್ಲಿ ಕೊಳೆತು, ಇದ್ದ ಆಮ್ಲಜನಕವನ್ನೂ ತಿಂದುಹಾಕುವುದು. ೨೦೧೬ರ ಮಾರ್ಚಿಯಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದಾಗ ಕಂಡುಬಂದ ಕಾರಣವೂ ಆಮ್ಲಜನಕದ ಕೊರತೆಯೇ. ಅಲ್ಲಿ ಪಟ್ಟಣದ ಚರಂಡಿಯ ಕೊಳೆ. ಕಿಕ್ಕಿರಿದ ಹೊಂಡದಲ್ಲಿ ಯಜಮಾನನೇ ಹಾಕಿದ ಹಿಂಡಿಯ ಕೊಳೆ.

ಸುಣ್ಣಕಲ್ಲಿನ ಸೀಮೆಗೆ ಇನ್ನೊಂದು ವಿಶೇಷವುಂಟು. ಮೀನಿನ ಮಲದಿಂದಲೂ ಕಿವಿರಿನಿಂದಲೂ ಅಮೋನಿಯಾ ಎಂಬ ವಸ್ತು ನೀರಿಗೆ ಸೇರುತ್ತಿರುವುದು. ನೀರು ಕ್ಷಾರಯುಕ್ತವಾದಷ್ಟೂ, ಬಿಸಿಯಾದಷ್ಟೂ ಇದರ ವಿಷ ಹೆಚ್ಚು. ಬೇರೆ ಸೀಮೆಯ ಹುಳಿಮಣ್ಣಿನ ಕೊಳದಲ್ಲಿ ತಡೆದುಕೊಳ್ಳುವಷ್ಟು ದಟ್ಟಣೆಯನ್ನು ರಾವೂರ, ಶಹಾಬಾದಗಳ ಕಡೆಯ ನೀರು ತಡೆಯಲಾರದು. ಮೀನುಸಾಕಣೆಯ ಪುಸ್ತಕಗಳಲ್ಲಿ ಹೊಂಡಕ್ಕೆ ಸುಣ್ಣ ಹಾಕುವಂತೆ ಬರೆದಿರುವುದನ್ನು ನೋಡಿ ಇಲ್ಲಿಯೂ ಹಾಗೆಯೇ ಹಾಕುವುದು ಸಲ್ಲದು. ಕಲಬುರಗಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ, ನೀರಿನ ಪರೀಕ್ಷೆ ಮಾಡಿಸಿಕೊಂಡ ಮೇಲೆ ಬೇಕಾದರೆ ಮಾತ್ರ ಹಾಕತಕ್ಕದ್ದು.

ಇನ್ನು ಖಣಿಗಳ ಮಾತು. ಇವುಗಳ ಗೋಡೆ ನೆಟ್ಟಗೆ, ಮುಖ ಕಿರಿದು. ಸುತ್ತಲೂ ಕಲ್ಲಿನ ರಾಶಿಯಿದ್ದರೆ ಗಾಳಿಯೂ ಸರಿಯಾಗಿ ಬೀಸದು. ಬಿಸಿಲಿಗೆ ಕಾಯುವುದು ಮೇಲಿನ ನೀರು. ತಣ್ಣನೆಯ ಭಾರವಾದ ನೀರು ಕೆಳಗೆ ಬೇರೆಯಾಗಿ ನಿಲ್ಲುವುದು. ಎರಡೂ ಬೆರೆಯದೆ ತಿಂಗಳುಗಟ್ಟಲೆ ಇರುವುದರಿಂದ ಕೆಳಗಿನ ನೀರಿನಲ್ಲಿ ಆಮ್ಲಜನಕ ಮುಗಿದು, ತಳದ ಕೊಳೆಯಿಂದ ಕೊಳೆತ ಮೊಟ್ಟೆಯ ನಾತದ ವಿಷವಾಯು ಕೂಡುವುದು. ಮೂವತ್ತು ಅಡಿಯ ಖಣಿಯಲ್ಲಿ ಮೀನು ಬದುಕುವ ನೀರು ಹಲವು ವೇಳೆ ಮೇಲಿನ ಕೆಲವೇ ಅಡಿಗಳು. ಚಳಿಯ ಗಾಳಿಯೋ ಬಿರುಸಾದ ತಣ್ಣನೆಯ ಮಳೆಯೋ ಬಂದು ಆ ಕೆಳಗಿನ ನೀರು ಮೇಲಕ್ಕೆದ್ದರೆ ಒಂದೇ ರಾತ್ರಿಯಲ್ಲಿ ಎಲ್ಲವೂ ಮುಗಿಯಬಹುದು. ಖಣಿಯಲ್ಲಿ ಹೊಂಡಕ್ಕೆ ಹೇಳಿದ್ದರ ಅರ್ಧವನ್ನು, ಎಂದರೆ ಗುಂಟೆಗೆ ೨೫ನ್ನು ಮೀರದಿರುವುದು ಲೇಸು. ತಳದಲ್ಲಿ ಕಲ್ಲಿರುವುದರಿಂದ ಬಲೆ ಎಳೆಯಲಾಗದು. ಮೀನು ಬಂದು ಕಿವಿರು ಸಿಕ್ಕಿಕೊಳ್ಳುವಂತೆ ನಿಲ್ಲಿಸುವ ಬಲೆಯನ್ನೇ ಉಪಯೋಗಿಸಬೇಕು, ಅದರಲ್ಲಿ ಎಲ್ಲ ಮೀನೂ ಬೀಳವು. ಹಿಂದಿನ ವರ್ಷ ಉಳಿದವುಗಳನ್ನು ಈ ವರ್ಷದ ಲೆಕ್ಕದಿಂದ ಕಳೆಯದೆ ಮತ್ತೆ ಪೂರ್ತಿ ಮರಿ ಬಿಡುವುದು ಸಾಮಾನ್ಯವಾದ ತಪ್ಪು. ಖಣಿಯು ಯಾರ ಸ್ವಾಧೀನದಲ್ಲಿದೆಯೆಂದು ತಿಳಿದು ಅನುಮತಿ ಪಡೆಯುವುದೂ, ಮಕ್ಕಳು ಇಳಿಯದಂತೆ ಬೇಲಿ ಕಟ್ಟುವುದೂ ಮೀನಿನ ಮಾತಿಗಿಂತ ಮೊದಲಿನ ಕೆಲಸಗಳು. ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡಕ್ಕೂ ಬೇಲಿ ಬೇಕು; ಜಾರಿ ಬಿದ್ದವರು ಹಿಡಿದು ಮೇಲೇರಲು ಗಂಟು ಹಾಕಿದ ಹಗ್ಗವೊಂದು ಸದಾ ಇಳಿಬಿದ್ದಿರಬೇಕು.

ಜಿಲೇಬಿ ಮೀನನ್ನು ಹೊಂಡಕ್ಕೆ ಬಿಡಲೇಬಾರದು. ೧೯೫೨ರಲ್ಲಿ ಹೊರದೇಶದಿಂದ ಭಾರತಕ್ಕೆ ತಂದ ಈ ಮೀನು ಎಳೆಯ ವಯಸ್ಸಿನಲ್ಲಿಯೇ ನಿಂತ ನೀರಿನಲ್ಲಿ ವರ್ಷಕ್ಕೆ ಹಲವು ಸಾರಿ ಮರಿಮಾಡುವುದು. ಹತ್ತು ಬಿಟ್ಟವನಿಗೆ ಸಾವಿರವಾಗಿ ಎಲ್ಲ ಲೆಕ್ಕವನ್ನೂ ಕೆಡಿಸುವುದು. ೧೯೫೯ರಲ್ಲಿಯೇ ಇದನ್ನು ಹರಡದಂತೆ ನಿಷೇಧಿಸಲಾಯಿತು. ಸುಧಾರಿಸಿದ ತಳಿಯನ್ನು ಸಾಕುವುದಕ್ಕೂ ಸರಕಾರದ ಅನುಮತಿ ಬೇಕು. ಎಷ್ಟು ಕಿಕ್ಕಿರಿದರೂ ಸಾಯದೆಂದು ಕೆಲವರು ಹೊಗಳುವ ಆಫ್ರಿಕದ ಮುರುಗೋಡು ಮೀನಿನ ಸಾಕಣೆಯು ನಿಷಿದ್ಧವಾದದ್ದು. ಅದು ತಪ್ಪಿಸಿಕೊಂಡು ಕಾಗಿಣೆಗೆ ಸೇರಿದರೆ ಹೊಳೆಯ ಮೀನನ್ನೇ ತಿಂದು ಮುಗಿಸುವುದು.

ಈಗಾಗಲೇ ಹೆಚ್ಚು ಬಿಟ್ಟಿರುವವರು ಬೆಳಗಿನ ಜಾವ ಒಮ್ಮೆ ಹೊಂಡದ ದಂಡೆಗೆ ಹೋಗಿ ನೋಡಬೇಕು. ಮೀನುಗಳು ಗುಂಪಾಗಿ ಮೇಲೆ ಬಂದು ಬಾಯಿ ತೆರೆಯುತ್ತ, ಸದ್ದಾದರೂ ಕೆಳಗೆ ಹೋಗದಿದ್ದರೆ, ಆ ದಿನ ಹಿಂಡಿ ಹಾಕಬಾರದು. ಪಂಪಿನಿಂದ ಹೊಂಡದ ಮೇಲ್ನೀರನ್ನೇ ಎತ್ತಿ, ಜರಡಿಯ ಮೂಲಕ ಎತ್ತರದಿಂದ ಹನಿಹನಿಯಾಗಿ ಬೀಳಿಸಿದರೆ ಗಾಳಿ ಬೆರೆಯುವುದು. ಬಾವಿಯ ನೀರಿದ್ದರೆ ಅದನ್ನೂ ಹೀಗೆಯೇ ಬಿಡಬಹುದು. ಬಿಸಿಲೇರಿದ ಮೇಲೆ ಚೇತರಿಸಿಕೊಂಡವೆಂದು ಸುಮ್ಮನಾಗದೆ, ಎರಡು ಮೂರು ದಿನಗಳೊಳಗೆ ಬಲೆ ಹಾಕಿಸಿ, ಮಾರಲು ತಕ್ಕವುಗಳನ್ನು ಹಿಡಿದು ಸಂಖ್ಯೆಯನ್ನು ಇಳಿಸಬೇಕು. ಚಿಕ್ಕ ಮೀನಿಗೆ ಬೆಲೆ ಕಡಮೆ ಸಿಕ್ಕುವುದು ನಿಜ. ಸತ್ತ ಮೀನಿಗೆ ಬೆಲೆಯೇ ಇಲ್ಲ, ಅದನ್ನು ಹೂಳುವ ಕೂಲಿ ಬೇರೆ. ಊರ ಕೆರೆಯಲ್ಲಿ ಹೀಗಾದರೆ ದನಕರುಗಳು ಕುಡಿಯುವ ನೀರು ಕೆಡುವುದರಿಂದ ಗುತ್ತಿಗೆ ಹಿಡಿದವರು ಎಷ್ಟು ಮರಿ ಬಿಡುತ್ತಾರೆಂಬುದನ್ನು ಊರಿನ ಹಿರಿಯರು ಎದುರಿಗೆ ನಿಂತು ಎಣಿಸಿ ನೋಡುವುದು ಯುಕ್ತ.

ಮರಿಗಳು ದೊರೆಯುವ ಕಾಲವು ಮುಂಗಾರಿನಿಂದಾಚೆಗೆ. ತರಲು ಹೊರಡುವ ಮುನ್ನ ಹೊಂಡದ ಮುಖವನ್ನು ಹಗ್ಗದಿಂದ ಅಳೆದು, ಬೇಸಿಗೆಯಲ್ಲಿ ನೀರು ಎಲ್ಲಿಗೆ ಇಳಿಯುವುದೆಂಬ ಗುರುತನ್ನೂ ನೋಡಿಕೊಂಡು, ಎರಡನ್ನೂ ಚೀಟಿಯಲ್ಲಿ ಬರೆದು ತಾಲೂಕಿನ ಮೀನುಗಾರಿಕೆ ಕಚೇರಿಗೆ ಒಯ್ಯಬೇಕು. ಸಾವಿರದ ಚೀಲವನ್ನೇ ಕೊಳ್ಳಬೇಕಾದಲ್ಲಿ ನಾಲ್ಕೈದು ಹೊಂಡಗಳ ಯಜಮಾನರು ಒಟ್ಟಾಗಿ ತಂದು ಹಂಚಿಕೊಳ್ಳಬಹುದು. ತಂದ ಚೀಲವನ್ನು ಕಾಲು ಗಂಟೆ ಹೊಂಡದ ನೀರಿನ ಮೇಲೆ ತೇಲಬಿಟ್ಟು, ಒಳಗಿನ ನೀರೂ ಹೊರಗಿನ ನೀರೂ ಒಂದೇ ಹದಕ್ಕೆ ಬಂದ ಮೇಲೆ ಬಾಯಿ ಬಿಚ್ಚಿ, ಮರಿಗಳು ತಾವಾಗಿ ಈಜಿ ಹೊರಬರುವಂತೆ ಬಿಡತಕ್ಕದ್ದು.