ಅಟ್ಟದ ಮೇಲಿನ ಸಾಮಾನು

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳಲ್ಲಿ ಒಕ್ಕಲುತನದ ಮನೆಯೆಂದ ಮೇಲೆ ಅಲ್ಲಿ ಒಂದು ಅಟ್ಟವಾದರೂ ದನದ ಕೊಟ್ಟಿಗೆಯ ಒಂದು ಮೂಲೆಯಾದರೂ ಹಳೆಯ ಸಾಮಾನಿಗೆ ಮೀಸಲಾಗಿರುವದು. ಸವೆದ ಕುಂಟೆಯ ಕುಡ, ಮೊಂಡಾದ ಕುಳ, ಚಕ್ಕಡಿಯ ಕಡಾಣಿ, ಕೂರಿಗೆಯ ಒಂಟಿ ತಾಳು, ಹರಕು ಮಿಣಿ, ಪಂಪಿನ ವಾಶರು, ತಂತಿಯ ಸುರುಳಿ, ತೂತುಬಿದ್ದ ಕೊಡ ಮುಂತಾದವು ಅಲ್ಲಿ ವರ್ಷಾನುಗಟ್ಟಲೆ ಕೂಡಿಬಿದ್ದಿರುವವು. "ಇರಲಿ, ಎಂದಾದರೂ ಬೇಕಾದೀತು" ಎಂಬುದೇ ಅವುಗಳಿಗೆ ದೊರೆತ ಅಪ್ಪಣೆ. ಹೊಸ ಸೊಸೆಯು ಅಟ್ಟವನ್ನು ತೆರವು ಮಾಡಹೋದರೆ ಅತ್ತೆಗಿಂತ ಮೊದಲು ಮಾವನೇ ಅಡ್ಡ ಬರುವನು.

ಈ ರೂಢಿಯನ್ನು ಜಿಪುಣತನವೆಂದು ನಗುವದು ಸಲ್ಲದು. ಬಿತ್ತಿಗೆಯ ಹದವು ಯಾರಿಗಾಗಿಯೂ ಕಾಯುವದಿಲ್ಲ. ಆ ಹೊತ್ತಿನಲ್ಲಿ ಕೂರಿಗೆಯ ತಾಳು ಮುರಿದರೆ, ಪೇಟೆಗೆ ಹೋಗಿ ಬರುವದರೊಳಗೆ ನೆಲ ಆರಿಹೋಗುವದು. ಅಟ್ಟದ ಮೇಲಿನ ಒಣಗಿದ ಜಾಲಿಯ ತುಂಡಿಗೆ ಆಗ ಬಂಗಾರದ ಬೆಲೆ. ಸವೆದ ಕುಳಕ್ಕೆ ಕಮ್ಮಾರನು ಹೊಸ ಮೊನೆ ಹಚ್ಚಿಕೊಟ್ಟರೆ ಅದು ಮತ್ತೆ ನೆಲಕ್ಕಿಳಿಯುವದು. ಇಂತಹ ವಸ್ತುಗಳನ್ನು ಕೂಡಿಡುವ ಒಕ್ಕಲಿಗನು ಜಾಣನೇ ಸರಿ. ಆದರೆ ಕೂಡಿಡುವದು ಬೇರೆ, ಒಂದೆಡೆ ಚೆಲ್ಲಿ ಮರೆಯುವದು ಬೇರೆ.

ಕಬ್ಬಿಣದ ಚೂರುಗಳ ಮಾತನ್ನೇ ತೆಗೆದುಕೊಳ್ಳಬಹುದು. ಕೊಟ್ಟಿಗೆಯ ಮೂಲೆಯಲ್ಲಿ ಚೆಲ್ಲಿದ ಮೊಳೆ, ತಂತಿಗಳು ಕಣಿಕೆಯೊಳಗೆ ಸೇರಿ ಅಲ್ಲಿಂದ ಎಮ್ಮೆಯ ಹೊಟ್ಟೆಗೆ ಹೋಗುವವು. ದನಗಳು ಮೇವನ್ನು ಮೊದಲು ನುಂಗಿ ಆಮೇಲೆ ಮೆಲುಕು ಹಾಕುವವಾದ್ದರಿಂದ ಮೊಳೆಯನ್ನು ಬಾಯಿಯಲ್ಲಿಯೇ ಬೇರ್ಪಡಿಸಲಾರವು. ಭಾರವಾದ ಲೋಹವು ಎರಡನೆಯ ಹೊಟ್ಟೆಯಲ್ಲಿ ತಂಗುವದು. ಆ ಹೊಟ್ಟೆಗೂ ಹೃದಯಕ್ಕೂ ನಡುವೆ ತೆಳುವಾದ ಒಂದು ಪರದೆ ಮಾತ್ರವಿರುವದು. ಮೊನಚಾದ ತಂತಿಯು ಅದನ್ನು ತೂರಿ ಹೃದಯದ ಚೀಲವನ್ನು ಚುಚ್ಚಿದರೆ ದನವು ಮೇವು ಬಿಡುವದು, ಇಳಿಜಾರಿನಲ್ಲಿ ನಡೆಯಲು ಹಿಂಜರಿಯುವದು, ಕ್ರಮೇಣ ಕೊರಳಿನ ಕೆಳಗೆ ಬಾವು ಕಾಣುವದು. ಬಾವು ಕಂಡ ಮೇಲೆ ಬದುಕುವದು ವಿರಳ. ಎರಡು ಮಾರು ತಂತಿಯನ್ನು ಉಳಿಸಲು ಹೋಗಿ ಹಾಲಿನ ಎಮ್ಮೆಯನ್ನು ಕಳೆದುಕೊಂಡಂತಾಯಿತು! ಮುಚ್ಚಳವುಳ್ಳ ಒಂದು ಡಬ್ಬಿಯನ್ನು ಮೇವಿನಿಂದ ದೂರವಿಟ್ಟು ಚೂರುಗಳನ್ನೆಲ್ಲ ಅದರಲ್ಲಿ ಹಾಕಿದರೆ ಈ ಭಯವಿಲ್ಲ.

ಹಳೆಯ ಗೋಣಿಚೀಲಗಳ ಹೊಲಿಗೆಯ ಸಂದಿನಲ್ಲಿ ಕಾಳಿನ ಹುಳಗಳು ಅಡಗಿರುವವು. ಖಾಪ್ರಾ ಎಂಬ ಹುಳದ ಮರಿಯಂತೂ ಆಹಾರವಿಲ್ಲದೆ ವರ್ಷಗಟ್ಟಲೆ ಜೀವ ಹಿಡಿದಿರಬಲ್ಲದು. ಕುದಿಯುವ ನೀರಿನಲ್ಲಿ ಕಾಲು ತಾಸು ಅದ್ದಿ, ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿದ ಹೊರತು ಹೊಸ ಕಾಳನ್ನು ಅವುಗಳಲ್ಲಿ ತುಂಬಬಾರದು. ಹಿತ್ತಲಿನ ಹಳೆಯ ಟಾಯರುಗಳಲ್ಲಿ ಮಳೆನೀರು ನಿಂತು ಡೆಂಗ್ಯೂ ಜ್ವರದ ಸೊಳ್ಳೆಗಳು ಹುಟ್ಟುವವು.

ಬಿತ್ತಿ ಉಳಿದ ಬೀಜವನ್ನು ಮುಂದಿನ ವರ್ಷಕ್ಕೆಂದು ಕಟ್ಟಿಡುವವರೂ ಉಂಟು. ಜೋಳದ ಬೀಜವು ಒಣಗಿದ ಜಾಗದಲ್ಲಿ ತಕ್ಕಮಟ್ಟಿಗೆ ತಾಳುವದು. ಸೋಯಾ ಅವರೆ, ಉಳ್ಳಾಗಡ್ಡಿಗಳ ಬೀಜವು ಬೇಗನೆ ಸತ್ವ ಕಳೆದುಕೊಳ್ಳುವದು. ನೂರು ಕಾಳುಗಳನ್ನೆಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರೆ ಒಂದು ವಾರದೊಳಗೆ ನಿಜವು ತಿಳಿಯುವದು. ಸೋಯಾದಲ್ಲಿ 70ಕ್ಕಿಂತ ಕಡಿಮೆ ಮೊಳೆತರೆ ಅದನ್ನು ಬಿತ್ತನೆಗೆ ನಂಬಬಾರದು. ಔಷಧ ಲೇಪಿಸಿದ ಬಣ್ಣದ ಬೀಜವು ಉಳಿಯಿತೆಂದು ಕೋಳಿಗೂ ದನಕ್ಕೂ ಹಾಕತಕ್ಕದ್ದಲ್ಲ.

ಎಲ್ಲಕ್ಕಿಂತ ಕೆಟ್ಟ ಉಳಿತಾಯವೆಂದರೆ ವಿಷದ್ದು. ಅರ್ಧ ಉಳಿದ ಕೀಟನಾಶಕದ ಬಾಟಲಿ, ಹರಳಿನ ಪೊಟ್ಟಣಗಳು ಮಕ್ಕಳ ಕೈಗೆಟಕುವ ಮಾಡಿನಲ್ಲಿಯೇ ಇರುವವು. ಎಂಡೋಸಲ್ಫಾನನ್ನು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ತಡೆಯಿತು. ಫೋರೇಟ್, ಟ್ರೈಅಜೋಫಾಸ್, ಡೈಕ್ಲೋರ್ವಾಸ್‌ಗಳ ಬಳಕೆಯು ಕೇಂದ್ರ ಸರಕಾರದ 2018ರ ಆಜ್ಞೆಯ ಮೇರೆಗೆ 2020ರ ಡಿಸೆಂಬರ 31ರಿಂದ ನಿಂತಿತು. ಇವುಗಳಲ್ಲಿ ಏನಾದರೂ ಅಟ್ಟದ ಮೇಲಿದ್ದರೆ ಅದು ಇನ್ನು ಬೇಕಾಗುವ ಸಂಭವವೇ ಇಲ್ಲ. 2019ರ ಆಗಸ್ಟಿನಲ್ಲಿ ಘಟಪ್ರಭೆಯು ಉಕ್ಕಿ ಗೋಕಾಕದ ಮನೆಗಳಿಗೆ ನೀರು ನುಗ್ಗಿದ್ದನ್ನು ಜನರು ಮರೆತಿಲ್ಲ. ಅಂತಹ ನೆರೆಯಲ್ಲಿ ವಿಷದ ಪುಡಿಯು ಕಾಳಿನ ಚೀಲವನ್ನು ಸೇರಲು ಎಷ್ಟು ಹೊತ್ತು ಬೇಕು? ಉಳಿದ ವಿಷವನ್ನು ಹಳ್ಳಕ್ಕೆ ಸುರಿಯದೆ, ಮೂಲ ಡಬ್ಬಿಯಲ್ಲಿಯೇ ಕೀಲಿ ಹಾಕಿಟ್ಟು, ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸತಕ್ಕದ್ದು. ಖಾಲಿ ಬಾಟಲಿಯಲ್ಲಿ ಸೀಮೆಎಣ್ಣೆಯನ್ನೂ ಕುಡಿಯುವ ನೀರನ್ನೂ ತುಂಬುವದು ಇನ್ನೂ ಘೋರವಾದದ್ದು. ಸಿಂಪಡಿಸುವಾಗಲೇ ಅದನ್ನು ಮೂರು ಸಲ ತೊಳೆದು, ತೊಳೆದ ನೀರನ್ನು ಪಂಪಿಗೇ ಹಾಕಬೇಕು. ಆಮೇಲೆ ಅದನ್ನು ಒಡೆದು, ವಸತಿಯಿಂದ ದೂರ ಹೂಳಬೇಕೆಂದು 1971ರ ಕೀಟನಾಶಕ ನಿಯಮಗಳು ವಿಧಿಸುತ್ತವೆ.

ಇಷ್ಟೆಲ್ಲ ಕೂಡಿಡುವ ಒಕ್ಕಲಿಗನು ಕಬ್ಬು ಕಡಿದ ಮರುವಾರವೇ ರವದಿಗೆ ಬೆಂಕಿ ಹಚ್ಚುವದು ವಿಚಿತ್ರವಾಗಿದೆ. ತುಕ್ಕು ಹಿಡಿದ ಕಡಾಣಿಗೆ ಇರುವ ಮರ್ಯಾದೆಯು ರವದಿಗಿಲ್ಲ. ಎಕರೆಗೆ ಮೂರು ನಾಲ್ಕು ಟನ್ ರವದಿ ಬೀಳುವದು. ನಾಲ್ಕು ಟನ್ನಿನಲ್ಲಿ ಸುಮಾರು 16 ಕಿಲೋ ಸಾರಜನಕವುಂಟು; ಅಂದರೆ 45 ಕಿಲೋ ತೂಕದ ಯೂರಿಯಾ ಚೀಲದ ಮುಕ್ಕಾಲು ಪಾಲು. ಸುಟ್ಟರೆ ಅದರ ಬಹುಭಾಗ ಹೊಗೆಯಲ್ಲಿ ಹೋಗಿ ಬೂದಿಯಲ್ಲಿ ಪೊಟ್ಯಾಶು ಮುಂತಾದ ಲವಣಗಳು ಮಾತ್ರ ಉಳಿಯುವವು. ಇಲಿಯ ಕಾಟ, ನೀರು ಹಾಯಿಸಲು ಅಡಚಣೆ ಎಂದು ರೈತರು ಹೇಳುವದರಲ್ಲಿ ಹುರುಳಿಲ್ಲವೆಂದಲ್ಲ. ಅದಕ್ಕಾಗಿಯೇ ಕೂಳೆಯನ್ನು ನೆಲಕ್ಕೆ ಸರಿಯಾಗಿ ಸವರಿ, ರವದಿಯನ್ನು ಒಂದು ಸಾಲು ಬಿಟ್ಟು ಒಂದು ಸಾಲಿನಲ್ಲಿ ಹರಡಬೇಕು; ತೆರವಾದ ಸಾಲಿನಲ್ಲಿ ನೀರು ಹರಿಯುವದು. ಟನ್ನಿಗೆ 8 ಕಿಲೋ ಯೂರಿಯಾ, 10 ಕಿಲೋ ಸುಪರ ಫಾಸ್ಫೇಟು, 1 ಕಿಲೋ ಕೊಳೆಸುವ ಜೀವಾಣುವಿನ ಪುಡಿಯನ್ನು ಅದರ ಮೇಲೆ ಚೆಲ್ಲಿ ತೋಯಿಸಿದರೆ ಕ್ರಮೇಣ ಅದು ಗೊಬ್ಬರವಾಗುವದು. ಬೇಸಿಗೆಯಲ್ಲಿ ಕಾಲುವೆಯ ಸರದಿಯು ನಾಲ್ಕು ದಿನ ತಡವಾದರೂ, ರವದಿ ಹೊದೆದ ಸಾಲಿನಲ್ಲಿ ಕೈಯಾಡಿಸಿದರೆ ತೇವವು ಬೆರಳಿಗೆ ಹತ್ತುವದು.